ಎಮ್ಮಿ ಮೈ ತೊಳಿಯುವಷ್ಟು ನೀರು

ನಮ್ಮ ಗೋಕಾಕದವರಿಗೆ ಜಂಬ ಕೊಚ್ಚಾಕ ಎರಡ ವಿಷಯ ಅದಾವ. ಒಂದು ಕರದಂಟು, ಇನ್ನೊಂದು ಫಾಲ್ಸ್. ಕರದಂಟಿನ ಬಗ್ಗೆ ಎಷ್ಟ ಕೊಚ್ಚಿಕೊಂಡ್ರೂ ನಡೀತೈತಿ, ಯಾಕಂದ್ರ ಎದುರಿಗಿದ್ದವರ ಬಾಯಾಗ ಒಂದ ತುಂಡ ಹಾಕಿದ್ರ ಅವರ ವಾದ ಅಲ್ಲಿಗೆ ಮುಗೀತೈತಿ. ಫಾಲ್ಸಿನ ಬಗ್ಗೆ ಮಾತಾಡುವಾಗ ಮಾತ್ರ, ಯಾವ ತಿಂಗಳಾಗ ಅಂತ ಒಂದ ಮಾತ ಕೂಡಿಸಬೇಕು. ಅದನ್ನ ನಾವು ಕೂಡಸಂಗಿಲ್ಲ. ಫಾಲ್ಸ್ ಅಂದ ಕೂಡ್ಲೆ ನಮ್ಮ ಕಣ್ಣ ಮುಂದ ಬರೋದು ಶ್ರಾವಣದ ಫಾಲ್ಸ್. ಕೆಂಪ ನೀರು, ಎದಿ ನಡಗಸೋ ಸಪ್ಪಳ, ತೂಗು ಸೇತುವಿ ಕಡೆ ನಿಂತವರ ಮಾರಿಗೆ ಬಡಿಯೋ ತುಂತುರು. ಬ್ಯಾಸಗ್ಯಾಗ ಅಲ್ಲಿ ಬರೇ ಬಂಡಿಗಲ್ಲು ಇರ್ತೈತಿ ಅನ್ನೋದು ಎಲ್ಲಾರಿಗೂ ಗೊತ್ತು. ಆದ್ರ ಅದನ್ನ ಲೆಕ್ಕಕ್ಕ ಹಿಡಿಯಂಗಿಲ್ಲ. ಮನ್ಯಾಗಿನ ಹಿರ್ಯಾರು ಬಾಯಿ ತಕ್ಕೊಂಡ ಮಲಗಿದ್ದನ್ನ ಯಾರರೆ ಫೋಟೊ ಹಿಡಿದು ಗ್ವಾಡಿಗೆ ಹಾಕ್ತಾರೇನು?

ಈ ಜಂಬಾನ ನಾ ಊರಾಗ ಕೊಚ್ಚಿದ್ರ ಯಾರಿಗೂ ತ್ರಾಸ ಇರಲಿಲ್ಲ. ನಾ ಹೋಗಿ ಆಸ್ಟ್ರಿಯಾದಾಗ ಕೊಚ್ಚಿಬಂದೆ.

ಆಗ ನಾ ಪುಣೆದಾಗ ಓದಾಕತ್ತಿದ್ದೆ. ಆ ಕಾಲೇಜಿನವರು ಆರು ತಿಂಗಳ ಮಟ್ಟಿಗೆ ಇಲ್ಲಿಯವರನ್ನ ಅಲ್ಲಿಗೆ, ಅಲ್ಲಿಯವರನ್ನ ಇಲ್ಲಿಗೆ ಕಳಸೋ ಒಂದ ವ್ಯವಸ್ಥಾ ಇಟಗೊಂಡಿದ್ರು. ಹಂಗ ನಾ ಅಲ್ಲಿಗೆ ಹೋದೆ. ಚಳಿ ಮುಗಿಯಾಕ ಬಂದಾಗ ಒಂದ ವಾರ ಸೂಟಿ ಬಿತ್ತು, ಹಾಸ್ಟೆಲ್ ಖಾಲಿ ಆತು. ನನ್ನ ಬಾಜೂ ಖೋಲ್ಯಾಗ ಇದ್ದಾಕಿ ಅಲ್ಲೇ ಗುಡ್ಡಗಾಡಿನ ಒಂದ ಹಳ್ಳಿ ಹುಡುಗಿ. "ಒಬ್ಬಾಕಿ ಕುಂತು ಇಲ್ಲಿ ಏನ ಮಾಡ್ತಿ, ನಮ್ಮೂರಿಗೆ ಬಾ" ಅಂತ ನನ್ನ ಎಳಕೊಂಡ ಹೋದ್ಲು. ನಮ್ಮಿಬ್ಬರ ನಡುವ ನಡಿಯೋದು ಇಂಗ್ಲಿಷು. ನಾ ಅದನ್ನ ಇಲ್ಲಿ ನಮ್ಮ ಮಾತಿನಾಗ ಹೇಳಾಕತ್ತೇನಿ, ಅಷ್ಟ.

ಅಕಿ ಅಪ್ಪ ಹಾಲಿನ ಟ್ಯಾಂಕರ್ ಹೊಡೀತಿದ್ರು. ಭಾರಿ ಆಳು. ತಲಿ ಮ್ಯಾಲೆ ಸದಾ ಒಂದ ಉಣ್ಣಿ ಟೊಪಗಿ, ಅದನ್ನ ಊಟಕ್ಕ ಕುಂತಾಗೂ ತಗೀತಿರಲಿಲ್ಲ. ನಾ ಬರ್ತೀನಂತ ಎಲ್ಲಿಂದಲೋ ಬದನಿಕಾಯಿ ತಂದು, ಏನ ಮಾಡಬೇಕೋ ತಿಳೀದ ಮೇಜಿನ ಮ್ಯಾಲೆ ಇಟ್ಟು, ನನ್ನ ಮಾರಿ ನೋಡಕೋತ ಕುಂತಿದ್ರು. ನಾ ಎಣ್ಣಗಾಯಿ ಮಾಡಿ ಹಾಕಿದೆ. ಖಾರಕ್ಕ ಕಣ್ಣಾಗ ನೀರ ಬಂದ್ರೂ ಬಿಡ್ಲಿಲ್ಲ, ಪಾತ್ರಿ ಬಳದ ತಿಂದ್ರು. ಅವತ್ತ ನನಗ ಅವರ ಮ್ಯಾಲೆ ಭಾಳ ಪ್ರೀತಿ ಹುಟ್ಟಿತು.

ಮರುದಿವಸ ಮುಂಜಾನೆ, ನಮ್ಮ ಕಡಿ ಒಂದ ಫಾಲ್ಸ್ ಐತಿ, ತೋರಸ್ತೀನಿ ಅಂತ ಕಾರ ತಗದ್ರು. ದಿನಾ ಟ್ಯಾಂಕರ್ ಹೊಡಿಯೋ ಮನಷ್ಯಾ ಅವತ್ತ ಗಬ್ಬದ ಎಮ್ಮಿ ಹೊಡಕೊಂಡ ಹೊಂಟವರಂಗ ಕಾರ ಹೊಡದ್ರು. ಹಾದ್ಯಾಗ ಒಂದ ಹಳೇ ಚರ್ಚು ಬಂತು, ಇಳಸಿ ಅದರ ಮಾಳಗಿ ಮ್ಯಾಲಿನ ಚಿತ್ರ ತೋರಿಸಿದ್ರು. ಕಟಗಿ ಸೇತುವಿ ಬಂತು, ಇಳಸಿದ್ರು. ಕಾಫಿ ಕುಡಿಸಿದ್ರು. ಚೀಜ್ ಅಂಗಡಿ ಬಂತು, ಅಲ್ಲಿ ಒಂದೊಂದ ಚೂರು ತಿನ್ನಿಸಿದ್ರು. ಮತ್ತ ಕಾಫಿ. ಆಮ್ಯಾಲೆ ಯಾರದೋ ದನದ ಕೊಟ್ಟಿಗಿಗೆ ಕರಕೊಂಡ ಹೋಗಿ ಎಲ್ಲಾ ಆಕಳ ಹೆಸರ ಹೇಳಿದ್ರು. ಇವರ ಊರಾಗ ಮಂದಿಗೆ ಬ್ಯಾರೆ ಉದ್ಯೋಗ ಇಲ್ಲೇನಪಾ ಅಂತ ನಾ ಮನಸಿನಾಗ ಅಂದಕೊಂಡೆ. ಫಾಲ್ಸಿನ ಮುಂದ ನಿಂತಾಗ ಸೂರ್ಯಾ ನೆತ್ತಿ ಮ್ಯಾಲೆ ಬಂದಿದ್ದ.

ಅಲ್ಲಿ ನೋಡಿದ್ರ, ಗುಡ್ಡದ ತುದಿಯಿಂದ ಬುಡದ ತನಕ ಬರ್ಫ ಹೆಪ್ಪಗಟ್ಟಿತ್ತು. ಅದರ ನಡುವ ಒಂದ ಸಣ್ಣ ಧಾರಿ ನೀರು, ನಮ್ಮ ಓಣಿ ನಳಾ ಬಿಡುವಾಗ ಮೊದಲ ಬರತೈತಲ್ಲ, ಅಷ್ಟ. ಅಕಿ ಅಪ್ಪ ಕೈ ಕಟ್ಟಕೊಂಡು ನನ್ನ ಮಾರಿ ನೋಡಾಕತ್ತಿದ್ರು. ನನ್ನ ಬಾಯಿ ಸುಮ್ಮಕಿರಬೇಕಲ್ಲ.

"ಇದು ಫಾಲ್ಸಾ? ಇಷ್ಟ ನೀರಿನಾಗ ನಮ್ಮೂರಾಗ ಎಮ್ಮಿ ಮೈ ತೊಳೀತೀವಿ. ಫಾಲ್ಸ್ ನೋಡಬೇಕಂದ್ರ ಗೋಕಾಕಕ್ಕ ಬರ್ರಿ" ಅಂದೆ.

ಗೆಳತಿ ಅದನ್ನ ಒಂದ ಅಕ್ಷರ ಬಿಡದಂಗ ಅವರ ಭಾಷಾದಾಗ ಹೇಳಿದ್ಲು. ಅವರು ಟೊಪಗಿ ತಗದು ತಲಿ ಕೆರಕೊಂಡು ಜೋರಾಗಿ ನಕ್ರು. ಆಮ್ಯಾಲೆ ಏನೋ ಹೇಳಿದ್ರು. ಗೆಳತಿ ಅಂದ್ಲು, "ಬರೋ ವರ್ಷ ನಾ ಪುಣೆಗೆ ಬರ್ತೀನಲ್ಲ, ಆಗ ನಿಮ್ಮ ಫಾಲ್ಸಿನ ಮುಂದ ನಿಂತು ಅಪ್ಪಗ ತೋರಸಬೇಕಂತ. ಎಮ್ಮಿ ಸಮೇತ."

"ಆತು ಹೇಳು" ಅಂದೆ.

ಅವತ್ತ ಸಂಜಿಕ ನಮ್ಮಪ್ಪಗ ಫೋನ ಮಾಡಿ ಎಲ್ಲಾ ಹೇಳಿದೆ. ನಮ್ಮಪ್ಪಂದು ಗೋಕಾಕದಾಗ ಪೈಪು, ಪಂಪಿನ ಅಂಗಡಿ. ಸುತ್ತಲ ಹಳ್ಳಿ ರೈತರೆಲ್ಲಾ ಅಲ್ಲಿಗೆ ಬರಾವ್ರು. ಅಪ್ಪ ಮೇಲವಂಕಿಯಿಂದ ಪೈಪ್ ಒಯ್ಯಾಕ ಬಂದವರಿಗೂ ಹೇಳಿದ, ಬಾಜೂ ಚಹಾದಂಗಡಿಯವಗೂ ಹೇಳಿದ: "ನಮ್ಮ ಹುಡುಗಿ ಅಲ್ಲಿ ಮಂದಿ ಫಾಲ್ಸಿನ ಮಾನಾ ಕಳದ ಬಂದಾಳ್ರಿ." ಊರಿಗೆ ಊರ ಖುಷಿ ಪಟ್ಟಿತು. ಹಿಂಗ ನನ್ನ ಮಾತು ಗೋಕಾಕದ ಮಾತಾಗಿ ಹೋತು.

ಮುಂದಿನ ವರ್ಷ ಅಕಿ ಪುಣೆಗೆ ಬಂದ್ಲು. ನಡಬರಕ ಒಂದ ವಾರ ಸೂಟಿ ಬಿತ್ತು, ಹೋಳಿ ಹುಣ್ಣಿವಿ ಸಮೀಪ. "ನಡಿ ನಮ್ಮೂರಿಗೆ" ಅಂದೆ. ಟ್ರೇನಿನ ಟಿಕೆಟ್ ತಗಸಿ, ಖುಷಿಲೆ ಅಪ್ಪಗ ಫೋನ ಹಚ್ಚಿದೆ.

"ಅಪ್ಪಾ, ಅಕಿನ್ನ ಕರಕೊಂಡ ಬರಾಕತ್ತೇನಿ, ಫಾಲ್ಸ್ ತೋರ್ಸಾಕ."

ಅಪ್ಪ ಗಿರಾಕಿಗೆ ತಡೀರಿ ಅಂದ. "ಈಗ ಯಾವ ತಿಂಗಳ ನಡದೈತಿ?" ಅಂತ ಕೇಳಿದ.

"ಮಾರ್ಚ್."

"ನಿನ್ನ ತಲ್ಯಾಗ ಏನೈತಿ, ಮೆದುಳೈತೋ ಜ್ವಾಳದ ಹೊಟ್ಟೈತೋ?"

ನನಗ ಆಗ ಹೊಳೀತು. ನೋಡ್ರಿ, ಹುಟ್ಟಿ ಬೆಳದ ಊರು, ಆದ್ರೂ ನೆನಪಾಗಿರಲಿಲ್ಲ. ಅಕಿ ಮೊಬೈಲಿನಾಗ ನೋಡಿದ್ದೂ ಮಳಿಗಾಲದ ಫೋಟೊಗಳನ್ನ. ಬ್ಯಾಸಗಿ ಫೋಟೊ ಯಾರ ಹಾಕ್ತಾರ? "ಬರಬ್ಯಾಡಂತ ಹೇಳ್ಲೇನು?" ಅಂತ ಕೇಳಿದೆ.

"ಬರೋ ಅತಿಥಿಗೆ ಬರಬ್ಯಾಡ ಅಂತಾರೇನು? ಬರ್ಲಿ. ಏನರೆ ಮಾಡೋಣು" ಅಂದ ಅಪ್ಪ. ಆ ಏನರೆ ಮಾಡೋ ಕೆಲಸ ನಮ್ಮ ಕಾಕಾನ ಕೈಗೆ ಬಿತ್ತು.

ಕಾಕಾ ಅಂದ್ರ ಅಪ್ಪನ ತಮ್ಮ, ನಮ್ಮ ಮನ್ಯಾಗ ಇರ್ತಾನ. ಅವಗ ಒಂದ ಜೀಪ್ ಐತಿ, ಅದಕಿಂತಾ ಜೋರಾಗಿ ಓಡೋ ನಾಲಿಗಿ ಐತಿ. ಹುಕ್ಕೇರಿಯೊಳಗ ನಮ್ಮ ಅತ್ತಿ ಇರ್ತಾಳ, ಅಪ್ಪನ ಅಕ್ಕ. ಹಿಡಕಲ್ ಡ್ಯಾಮು ಅವರ ತಾಲೂಕಿನಾಗ ಬರ್ತೈತಿ. ಬ್ಯಾಸಗ್ಯಾಗ ಕುಡಿಯೋ ನೀರಿಗಂತ ಡ್ಯಾಮಿನಿಂದ ಹೊಳಿಗೆ ನೀರ ಬಿಡ್ತಾರ. ಬಿಟ್ಟಾಗ ನಮ್ಮ ಫಾಲ್ಸಿಗೂ ಜೀವ ಬರ್ತೈತಿ. ಅತ್ತಿ ಫೋನಿನಾಗ, ಇವತ್ತ ನಾಳಿ ಬಿಡ್ತಾರಂತ ಸುದ್ದಿ ಐತಿ ಅಂದ್ಲು. ಕಾಕಾ ತೀರ್ಮಾನ ಮಾಡಿಬಿಟ್ಟ: ನೀರ ಬರೋ ತನಕ ಹುಡುಗಿನ್ನ ಫಾಲ್ಸಿನ ಹತ್ತರ ಬಿಡಬಾರದು.

ಘಟಪ್ರಭಾ ಸ್ಟೇಶನ್ನಿನಾಗ ಇಳದ್ವಿ. ಅಲ್ಲಿಂದ ಗೋಕಾಕಕ್ಕ ಹೋಗೋ ಸೀದಾ ರೋಡು ಫಾಲ್ಸಿನ ಬಾಜೂಕ ಹಾದ ಹೋಗ್ತೈತಿ. ಕಾಕಾ ಜೀಪನ್ನ ಉಲ್ಟಾ ಕಲ್ಲೋಳಿ ಕಡೆ ತಿರಗಿಸಿದ. ಅಕಿ ಕೈಯಾಗಿನ ಮೊಬೈಲ ಮ್ಯಾಪ್ ಹಿಡಕೊಂಡು, "ಇದು ಈ ಕಡೆ ಅಲ್ಲ ಅಂತೈತಲ್ಲ" ಅಂದ್ಲು.

"ರೋಡ್ ಕೆಟ್ಟೈತಂತ ಹೇಳವ್ವಾ ಅಕಿಗೆ" ಅಂದ ಕಾಕಾ. ಹೇಳಿದೆ. ಒಂದ ತಿರುವಿನಾಗ ಫಾಲ್ಸಿನ ಬೋರ್ಡು, ದೊಡ್ಡ ಬಾಣದ ಗುರ್ತು. ಕಾಕಾ ಕೈ ಹೊರಗ ಚಾಚಿ ಆಚಿ ಕಡೆ ತೋರಿಸಿದ. "ಅಲ್ನೋಡ್ರಿ, ನವಿಲು." ನವಿಲೂ ಇರಲಿಲ್ಲ, ಅದರ ಪುಕ್ಕಾನೂ ಇರಲಿಲ್ಲ. ಅಕಿ ಕಲ್ಲೋಳಿ ಬರೋತನಕ ಕಬ್ಬಿನ ಹೊಲದಾಗ ನವಿಲ ಹುಡಕಿದ್ಲು. ಕಲ್ಲೋಳಿಯೊಳಗ ಕಾಕಾ ಚಹಾ ಕುಡಿಸಿದ. ಒಂದ ಕಿರಾಣಿ ಅಂಗಡಿ ಮುಂದ ನಿಂದ್ರಿಸಿ, ಕೆಲಸಿಲ್ಲದ ಕೆಲಸ ತಗದು, ಅಂಗಡಿಯವನ ಕೂಡ ಅರ್ಧಾ ತಾಸ ಹರಟಿ ಹೊಡದ. ಮನಿ ಮುಟ್ಟಿದಾಗ ಹಗಲ ಅರ್ಧಾ ಕಳದಿತ್ತು.

ಅವ್ವ ಬಾಗಲದಾಗ ನಿಂತು ಅಕಿ ಕಾಲಿಗೆ ನೀರ ಕೊಟ್ಟು ಒಳಗ ಕರಕೊಂಡ್ಲು. ಅಕಿ ಕಾಲ ಒರಸಿಕೊಳ್ಳೂಕಿಂತ ಮೊದಲ, "ಫಾಲ್ಸ್?" ಅಂದ್ಲು. ಅವ್ವಗ ಇಂಗ್ಲಿಷ್ ಬರಂಗಿಲ್ಲ, ಆದ್ರ ಆ ಶಬ್ದಾ ಬರ್ತೈತಿ.

"ಮೊದಲ ಊಟಾ ಮಾಡವ್ವಾ. ಫಾಲ್ಸ್ ಎಲ್ಲಿ ಓಡಿ ಹೋಗ್ತೈತಿ? ನಾಳಿ ನೋಡೀಯಂತ."

ಹಿಂಗಾಗಿ ಅಕಿ ಕಲತ ಮೊದಲನೆ ಕನ್ನಡ ಶಬ್ದ 'ನಾಳಿ'. ಓಣಿಯವರಿಗೆಲ್ಲಾ ಅಪ್ಪ ಮೊದಲ ತಾಕೀತ ಮಾಡಿದ್ದ. ಬಳಿ ಮಾರಾಕಿ ಒಬ್ಬಾಕಿ ಗೊತ್ತಿಲ್ಲದ, "ಫಾಲ್ಸ್ ನೋಡಿ ಬಂದ್ರೇನ್ರಿ ಬಾಯಾರ?" ಅಂತ ಕೇಳಿಬಿಟ್ಲು. ಅವ್ವ ಅಕಿನ್ನ ನೋಡಿದ ನೋಟಕ್ಕ ಪಾಪ, ಬಳಿ ಬುಟ್ಟಿ ಹೊತಗೊಂಡು ಹೋಗೇಬಿಟ್ಲು.

ಮಾರನೆ ದಿವಸ ಮೂಡಲಗಿಗೆ ಒಯ್ದ್ವಿ. ಅಲ್ಲಿ ನಮ್ಮ ದೊಡ್ಡವ್ವ, ಅವ್ವನ ಅಕ್ಕ. ಅವರ ಹೊಲದಾಗ ಬೆಲ್ಲದ ಗಾಣ ಐತಿ, ಕೊಪ್ಪರಿಗ್ಯಾಗ ಕಬ್ಬಿನ ಹಾಲು ಕೊತಕೊತ ಕುದ್ಯಾಕತ್ತಿತ್ತು. ಗೆಳತಿಗೆ ಭಾಳ ಛಲೋ ಅನಿಸಿತು, ಹೊಗಿಗೆ ಕಣ್ಣ ಉಜ್ಜಕೋತ ಅಲ್ಲೇ ಕುಂತ್ಲು. ಆದ್ರ ದೊಡ್ಡವ್ವನ ಕೂಡ ಒಂದ ಪಂಚಾಯ್ತಿ ಇತ್ತು. ಅಕಿ ಶರಣರ ದಾರಿ ಬಿಡದಾಕಿ, ಸುಳ್ಳ ಅಂದ್ರ ಆಗಂಗಿಲ್ಲ. "ನನ್ನ ಬಾಯಿಲೆ ಸುಳ್ಳ ಹೇಳಿಸಬ್ಯಾಡ್ರಿ, ಹೇಳೇನಿ ನೋಡ್ರಿ" ಅಂತ ಕಾಕಾಗ ಮೊದಲ ಹೇಳಿದ್ಲು. ಅದಕ್ಕ ತಾನ ಒಂದ ಹಾದಿ ಕಂಡಕೊಂಡ್ಲು. ಗೆಳತಿ "ಫಾಲ್ಸ್" ಅಂತ ಬಾಯಿ ತಗದ್ಲಂದ್ರ, ದೊಡ್ಡವ್ವ ಬಿಸಿ ಬೆಲ್ಲದ ಒಂದ ಉಂಡಿ ಆ ಬಾಯಾಗ ಇಡೋದು. ಸಂಜಿ ತನಕ ಅಕಿ ಎಷ್ಟ ಸರ್ತೆ ಫಾಲ್ಸ್ ಅಂದ್ಲೋ ಅಷ್ಟ ಬೆಲ್ಲ ತಿಂದ್ಲು. ಸುಳ್ಳೂ ಹೇಳ್ಲಿಲ್ಲ, ಖರೇನೂ ಹೇಳ್ಲಿಲ್ಲ, ದೊಡ್ಡವ್ವನ ವ್ರತಾ ಕೆಡ್ಲಿಲ್ಲ.

"ನಿಮ್ಮ ಮಂದಿ ಭಾಳ ಪ್ರೀತಿ ಮಾಡ್ತಾರ" ಅಂದ್ಲು ಗೆಳತಿ, ಹೊಳ್ಳಿ ಬರುವಾಗ, ಹೊಟ್ಟಿ ಹಿಡಕೊಂಡು.

"ಹೂಂ, ಭಾಳ" ಅಂದೆ. ನನಗ ಒಳಗೊಳಗ ನಗಿ.

ಆಮ್ಯಾಲೆ ಬಣ್ಣದ ದಿವಸ ಬಂತು. ಇವತ್ತ ಹೊರಗ ಬಿದ್ರ ಮಂದಿ ಬಣ್ಣ ಎರಚ್ತಾರ, ಜೀಪ ತಗ್ಯಾಕ ಬರಂಗಿಲ್ಲ ಅಂತ ಕಾಕಾ ಹೇಳಿಸಿದ. ಅದು ಒಂದ ಮಾತ್ರ ಖರೆ ಇತ್ತು. ಅಕಿ ಕೇಳಬೇಕಲ್ಲ, ಅವ್ವನ ಹಳೇ ಸೀರಿ ಸೊಂಟಕ್ಕ ಬಿಗದಕೊಂಡು ಓಣ್ಯಾಗ ಇಳದ್ಲು. ಹಲಗಿ ಬಡಿಯೋರ ನಡುವ ನಿಂತು ಅವರಂಗ ಬಾಯಿ ಬಾಯಿ ಬಡಕೊಂಡು ಲಬೋ ಲಬೋ ಅಂತ ಹೊಯ್ಕೊಂಡ್ಲು. ಹೊಳ್ಳಿ ಬಂದಾಗ ಹಲ್ಲ ಒಂದ ಬಿಟ್ಟು ಎಲ್ಲಾ ಹಸರು. ಅವ್ವ ಕೊಬ್ಬರಿ ಎಣ್ಣಿ ಹಚ್ಚಿ ಅಕಿ ಮಾರಿ ತಿಕ್ಕಕೋತ, "ಇಂಥಾ ಹುಡುಗಿಗೆ ಮೋಸಾ ಮಾಡಾಕತ್ತೀರಿ, ನಿಮಗ ಛಲೋ ಆಗಂಗಿಲ್ಲ" ಅಂತ ನಮಗ ಬೈದ್ಲು. ಬೈದ ಮ್ಯಾಲೆ ಕಾಕಾಗ, "ನೀರ ಬಿಟ್ರೇನಂತ?" ಅಂತ ತಾನ ಕೇಳಿದ್ಲು.

ನೀರ ಬಿಟ್ಟಿರಲಿಲ್ಲ. ಅಪ್ಪಗ ಅಂಗಡ್ಯಾಗ ಕುಂಡ್ರಾಕ ಆಗವಲ್ದು. ಬಂದ ಗಿರಾಕಿ ಪ್ರತಿಯೊಬ್ಬಂವ, "ಪರದೇಶದಾಕಿ ಫಾಲ್ಸ್ ನೋಡಿದ್ಲೇನ್ರಿ ಮಾಲಕರ?" ಅಂತ ಕೇಳಾವನ. ನಕ್ಕೋತ ಊರೆಲ್ಲಾ ಡಂಗುರಾ ಸಾರಿದಂವ ಅಪ್ಪ. ಈಗ ಆ ಹುಡುಗಿ ಅಪ್ಪಗ ಏನ ಮಾರಿ ತೋರಸಲಿ ಅಂತ ಮರಗಾಂವ್ನೂ ಅಪ್ಪ. ಮಾತ ಆಡಿದ್ರ ಹೋತು, ಮುತ್ತ ಒಡದ್ರ ಹೋತು. ಆಡಿದಾಕಿ ನಾ, ಒದ್ದಾಡಾಂವ ಅಪ್ಪ.

ಉಳದದ್ದು ಹುಕ್ಕೇರಿ. ಅತ್ತಿ ಮನ್ಯಾಗ ಊಟಾ, ಅಲ್ಲಿಂದ ಡ್ಯಾಮ್ ನೋಡೋದು ಅಂತ ಕಾಕಾ ಹೊಂಡಿಸಿದ. ಹೋಗುವಾಗೂ ಫಾಲ್ಸ್ ತಪ್ಪಿಸಿ ಎಲ್ಲೆಲ್ಲೋ ಸುತ್ತ ಹಾಕಿಸಿದ. ಹಾದ್ಯಾಗ ಖರೇನ ಒಂದ ನವಿಲ ಅಡ್ಡ ಬಂತು. ಕಾಕಾ ಅದರ ಮುಂದ ಜೀಪ್ ನಿಂದ್ರಿಸಿ, "ನಾ ಹೇಳಿರ್ಲಿಲ್ಲೇನ" ಅನ್ನೋ ಗತ್ತಿನಾಗ ಮೀಸಿ ತಿರವಿದ.

ಡ್ಯಾಮಿನ ಹತ್ತರ ನೀರು ಅಗದೀ ಸಮುದ್ರದಂಗ ನಿಂತಿತ್ತು. ಕಾಕಾ ಅದಕ್ಕ ಕೈ ತೋರಿಸಿ ಹೇಳಿದ, "ಅಕಿಗೆ ಹೇಳು, ಇದ ನಮ್ಮ ಫಾಲ್ಸು. ಬ್ಯಾಸಗ್ಯಾಗ ಬಿಸಲಿಗೆ ಕೆಡತೈತಂತ ಇಲ್ಲಿ ತಗದ ಇಡ್ತೀವಿ."

ನಾ ಹೇಳಿದೆ. ಏನ ಹೇಳ್ಲಿ ಮತ್ತ, ನಗಿ ತಡಕೋಳಾಕ ಆಗವಲ್ದಾಗಿತ್ತು. ಅಕಿ ನೀರ ನೋಡಿದ್ಲು, ಕಾಕಾನ್ನ ನೋಡಿದ್ಲು, ನನ್ನ ನೋಡಿದ್ಲು.

"ತಿರುಗಿ ಹಚ್ಚೋದು ಯಾವಾಗ?" ಅಂದ್ಲು.

"ನಾಳಿ" ಅಂದ ಕಾಕಾ.

ಅಕಿ ನಗಲಿಲ್ಲ. ಅತ್ತಿ ಮನಿಗೆ ಬಂದು ಊಟಕ್ಕ ಕುಂತ್ವಿ. ಅತ್ತಿ ರೊಟ್ಟಿ ಮ್ಯಾಲೆ ಬೆಣ್ಣಿ ಇಟ್ಲು, ಶೇಂಗಾ ಹಿಂಡಿ ನೀಡಿದ್ಲು. ಅಕಿ ರೊಟ್ಟಿ ಮುರೀದನ ಮೆಲ್ಲಕ ನನಗ ಹೇಳಿದ್ಲು. "ನಾಳಿ ನಮ್ಮ ಗಾಡಿ. ನಮ್ಮಪ್ಪ ದಿನಾ ಮುಂಜಾನೆ ಕೇಳ್ತಾರ, ನೋಡಿದೇನು ಅಂತ. ಏನ ಹೇಳ್ಲಿ ನಾನು? ನೀ ನನಗ ಒಂದ ಮಾತ ಖರೆ ಹೇಳು, ಸಿಟ್ಟಿಗೇಳಂಗಿಲ್ಲ. ನಿಮ್ಮೂರಾಗ ಫಾಲ್ಸ್ ಅನ್ನೋದು ಇಲ್ಲ, ಹೌದಲ್ಲೋ?"

ಅಷ್ಟ ದಿನ ಸುಳ್ಳ ಹೇಳುವಾಗ ಬರದ ಸಿಟ್ಟು ನನಗ ಆವಾಗ ನೆತ್ತಿಗೇರಿತು. ಫಾಲ್ಸ್ ಇಲ್ಲಂತ. ನಮ್ಮ ಗೋಕಾಕಕ್ಕ ಫಾಲ್ಸ್ ಇಲ್ಲಂತ.

"ಐತಿ" ಅಂತ ಒದರಿದೆ. "ನಿಮ್ಮಂಥಾವು ಹತ್ತ ಒಳಗ ಹಾಕ್ಕೊಳ್ಳುವಂಥಾದ್ದು ಐತಿ. ನೀರ ಇಲ್ಲ, ಅಷ್ಟ."

ಕಾಕಾ ತುತ್ತ ಕೈಯಾಗ ಹಿಡಕೊಂಡು ನನ್ನ ನೋಡಿದ. ಅತ್ತಿಗೆ ಇಂಗ್ಲಿಷ್ ತಿಳೀದಿದ್ರೂ ಎಲ್ಲಾ ತಿಳೀತು. "ಬಿದ್ದೋತೇನು ಬಾಯಿಂದ? ಛಲೋ ಆತು ಬಿಡು, ನಂಗೂ ಸಾಕಾಗಿತ್ತು" ಅಂತ ಇನ್ನೊಂದ ರೊಟ್ಟಿ ಹಾಕಿದ್ಲು. ನಾ ಗೆಳತಿಗೆ ಎಲ್ಲಾ ಹೇಳಿದೆ. ಮಾರ್ಚ್ ತಿಂಗಳು, ಡ್ಯಾಮು, ಕಲ್ಲೋಳಿ ಸುತ್ತು, ಇಲ್ಲದ ನವಿಲು, ದೊಡ್ಡವ್ವನ ಬೆಲ್ಲ. ಬೆಲ್ಲದ ಮಾತಿಗೆ ಅಕಿ ತುಟಿ ಒಂದಿಷ್ಟ ಅಳ್ಳಾಡಿತು. ಆಮ್ಯಾಲೆ, "ನಾಳಿ ನನಗ ಆ ಕಲ್ಲ ತೋರಸು. ಅಪ್ಪಗ ಮಾತ ಕೊಟ್ಟೇನಿ" ಅಂದು ರೊಟ್ಟಿ ಮುರದ್ಲು.

ಮರುದಿವಸ ಮುಂಜಾನೆ ಅತ್ತಿಗೆ ಫೋನ ಮಾಡಿದ್ವಿ. ಇನ್ನ ಬಿಟ್ಟಿಲ್ಲ ಅಂದ್ಲು. ಗಾಡಿ ಹೊತ್ತಿಗಿಂತ ಮೊದಲ ಫಾಲ್ಸಿಗೆ ಹೊಂಟ್ವಿ. ಅಪ್ಪ ಯಾವತ್ತೂ ಹಗಲೊತ್ತಿನಾಗ ಅಂಗಡಿ ಮುಚ್ಚಿದಾಂವ ಅಲ್ಲ, ಅವತ್ತ ಮುಚ್ಚಿದ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕ್ಕೊಂಡು ಜೀಪಿನ ಮುಂದಿನ ಸೀಟಿನಾಗ ಕುಂತ. ಕನ್ಯಾ ಕೇಳಾಕ ಹೋಗಿ ಒಲ್ಲೆ ಅನ್ನಿಸ್ಕೊಂಡ ಬಂದವರಂಗ ಇತ್ತು ಅವನ ಮಾರಿ.

ಫಾಲ್ಸ್ ಹೆಂಗಿತ್ತು ಅಂದ್ರ, ಇರಲಿಲ್ಲ. ಉದ್ದಕ್ಕ ಬಂಡಿಗಲ್ಲು, ಬಿಸಲಿಗೆ ಕಾದು ನಿಂತಿತ್ತು. ಕೆಳಗ ತಗ್ಗಿನಾಗ ಒಂದಿಷ್ಟ ಹಸರ ನೀರು. ಆಚಿ ಕಡೆ ತೂಗು ಸೇತುವಿ, ಅದರ ಕೆಳಗೂ ಕಲ್ಲ. ಮ್ಯಾಲೆ ಹೊಳಿ ಪಾತ್ರದಾಗ ಒಂದ ತಗ್ಗಿನ ನೀರಿನಾಗ, ದೇವರ ಕಳಿಸಿದಂಗ, ಒಂದ ಎಮ್ಮಿ ಮಲಗಿತ್ತು. ಅದಕ್ಕೂ ಅರ್ಧಾ ಮೈ ಅಷ್ಟ ಮುಳಗಿತ್ತು. ನನಗ ಭೂಮಿ ಬಾಯಿ ಬಿಟ್ರ ಸಾಕು ಅನಿಸಿತು.

ಅಕಿ ಮಳಿಗಾಲದಾಗ ಯಾರೂ ಕಾಲಿಡಾಕ ಆಗದ ಬಂಡಿಗಲ್ಲಿನ ಮ್ಯಾಲೆ ನಡಕೋತ ಹೋಗಿ ಕುಂತು ತಮ್ಮಪ್ಪಗ ವಿಡಿಯೋ ಕಾಲ್ ಹಚ್ಚಿದ್ಲು. ನಮ್ಮ ಕಡೆ ಬಿಸಲ ಏರಿತ್ತು, ಅವರ ಕಡೆ ಈಗಷ್ಟ ಬೆಳಕ ಹರದಿತ್ತು. ಅವರು ಟ್ಯಾಂಕರಿನಾಗ ಕುಂತಿದ್ರು, ತಲಿ ಮ್ಯಾಲೆ ಅದ ಟೊಪಗಿ. ಅಕಿ ಫೋನ ತಿರಗಿಸಿ ಎಲ್ಲಾ ತೋರಿಸಿದ್ಲು. ಕಲ್ಲ, ಸೇತುವಿ, ಕೆಳಗಿನ ಹಸರ ನೀರು. ಕಡೀಕ ಎಮ್ಮಿ. ನಾ, ಅಪ್ಪ, ಕಾಕಾ ಮೂರೂ ಮಂದಿ ಸಾಲ್ಯಾಗ ರಿಸಲ್ಟ್ ಕೇಳಾಕ ನಿಂತ ಹುಡುಗರಂಗ ಸಾಲಾಗಿ ನಿಂತಿದ್ವಿ. ಈಗ ನಗ್ತಾರ, ಈಗ ನಗ್ತಾರ ಅಂತ ನಾ ಕಾದೆ.

ಅವರು ನಗಲಿಲ್ಲ. ಟೊಪಗಿ ತಗದು ತೊಡಿ ಮ್ಯಾಲೆ ಇಟ್ಕೊಂಡ್ರು. ಮಗಳಿಗೆ ಏನೋ ಕೇಳಿದ್ರು. ಅಕಿ ನನ್ನ ಕಡೆ ತಿರಗಿದ್ಲು.

"ಅಪ್ಪ ಕೇಳಾಕತ್ತಾರ, ಇಲ್ಲಿಗೆ ಕರಕೊಂಡ ಬರೂಕಿಂತ ಮೊದಲ ನಿಮ್ಮ ಮಂದಿ ನನ್ನ ಎಲ್ಲೆಲ್ಲಿ ಇಳಿಸಿದ್ರು ಅಂತ."

ನನಗ ತಿಳೀಲಿಲ್ಲ. ಆದ್ರೂ ಹೇಳಿದೆ. ಕಲ್ಲೋಳಿ ಚಹಾ, ಕಿರಾಣಿ ಅಂಗಡಿ, ನವಿಲು, ಮೂಡಲಗಿ ಗಾಣ, ಹುಕ್ಕೇರಿ, ಡ್ಯಾಮು. ಅಕಿ ಒಂದೊಂದ ಹೇಳಕೋತ ಹೋದಂಗ ಅವರು ಗೋಣ ಹಾಕಿದ್ರು. ಆಮ್ಯಾಲೆ ಭಾಳ ಹೊತ್ತ ಮಾತಾಡಿದ್ರು. ಕೇಳಕೋತ ಕೇಳಕೋತ ಅಕಿ ಮಾರಿ ಬದಲಾತು.

"ಏನಂತ?" ಅಂದೆ.

"ನಿನಗ ಹೇಳಂತಾರ. ಅವತ್ತ ನೀ ನಮ್ಮೂರಿಗೆ ಬಂದಾಗ, ಆ ಚರ್ಚಿನಾಗ, ಚೀಜ್ ಅಂಗಡ್ಯಾಗ, ಆ ದನದ ಕೊಟ್ಟಿಗ್ಯಾಗ ನಿನ್ನ ಯಾಕ ಇಳಿಸಿದ್ರು ಗೊತ್ತೈತೇನ ಅಂತ. ನಮ್ಮ ಫಾಲ್ಸ್ ತುಂಬೋದು ಜೂನದಾಗ, ಬರ್ಫೆಲ್ಲಾ ಕರಗಿದ ಮ್ಯಾಲೆ. ನಿನಗ ಸೂಟಿ ಇದ್ದದ್ದು ಚಳಿ ಇನ್ನೂ ಮುಗೀದಿದ್ದಾಗ. ಬಿಸಲ ಏರಿದ್ರ ಇನ್ನೊಂದಿಷ್ಟ ಕರಗಿ, ನಿನಗ ಒಂದ ಧಾರಿಯರೆ ಜಾಸ್ತಿ ಕಾಣಲಿ ಅಂತ, ಹೊತ್ತ ಕಳದಿದ್ರಂತ."

ಎರಡೂ ಸಲ ಕಾಫಿ ಕುಡಿಸಿದ್ದು ನನಗ ನೆನಪಾತು. ಪ್ರತಿ ಆಕಳ ಹೆಸರ ಬಿಡದಂಗ ಹೇಳಿದ್ದು ನೆನಪಾತು. ಅಷ್ಟ ಮಾಡಿ ಕರಕೊಂಡ ಹೋಗಿ ನಿಂದ್ರಿಸಿದ್ರ, ನಾ ಎಮ್ಮಿ ಮಾತ ಆಡಿದ್ದೆ.

ಅಪ್ಪಗ, ಕಾಕಾಗ ಹೇಳಿದೆ. ಕಾಕಾ ಮೀಸಿ ಮ್ಯಾಲಿನ ಕೈ ಮೆಲ್ಲಕ ಕೆಳಗ ಇಳಿಸಿದ. ಅಪ್ಪ ಮುಂದ ಹೋಗಿ ಗೆಳತಿ ಕೈಯಾಗಿನ ಫೋನ ಇಸ್ಕೊಂಡ. ಅಂಗಿ ಕಾಲರ್ ಸರಿ ಮಾಡಕೊಂಡು, ಸೀದಾ ಕನ್ನಡದಾಗ ಮಾತಾಡಿದ.

"ನಮಸ್ಕಾರ್ರಿ. ನಿಮ್ಮ ಹುಡುಗಿಗೆ ನಮ್ಮ ಹಂತೇಕ ಇದ್ದದ್ದ ಇಷ್ಟ ನೋಡ್ರಿ, ತೋರಿಸೇವಿ. ಮಳಿಗಾಲದಾಗ ನೀವ ಬರ್ರಿ. ನಮ್ಮ ಮನ್ಯಾಗ ಇರಾಕ ಬರ್ರಿ."

ಅವರು ಟೊಪಗಿ ಕೈಯಾಗ ಹಿಡಕೊಂಡು ಅವರ ಭಾಷಾದಾಗ ಏನೋ ಹೇಳಿದ್ರು. ಅಪ್ಪ "ಹೂನ್ರಿ, ಹೂನ್ರಿ" ಅಂದ. ಗೆಳತಿ ಅದನ್ನ ಹೇಳಾಕ ಬಾಯಿ ತಗದ್ಲು, ಅಪ್ಪ "ತಿಳೀತು ಬಿಡವ್ವಾ" ಅಂದ.

ಸ್ಟೇಶನ್ನಿನಾಗ ಅವ್ವ ಕಟ್ಟಿದ್ದ ರೊಟ್ಟಿ, ಕರದಂಟು, ದೊಡ್ಡವ್ವನ ಬೆಲ್ಲ ಎಲ್ಲಾ ಗಾಡ್ಯಾಗ ಏರಿದ್ವು. ಗಾಡಿ ಬಿಡುವಾಗ ಕಾಕಾ ಕಿಡಿಕ್ಯಾಗ ಮಾರಿ ಇಟ್ಟು, "ಮತ್ತ ಯಾವಾಗ ಬರ್ತಿ ತಂಗಿ?" ಅಂದ. ಅಕಿ ಕನ್ನಡದಾಗ, "ನಾಳಿ" ಅಂದ್ಲು.

ನಾವು ಪುಣೆ ಮುಟ್ಟಿ ಇನ್ನ ಚೀಲಾ ಸರಿಯಾಗಿ ಬಿಚ್ಚಿರಲಿಲ್ಲ, ಕಾಕಾನ ಫೋನ ಬಂತು. ಹಿಂದ ಎಂಥಾ ಸಪ್ಪಳ ಅಂದ್ರ ಅವನ ಮಾತ ಕೇಳವಲ್ದು. "ನೀರ ಬಂತವಾ. ಡ್ಯಾಮಿನಿಂದ ಬಿಟ್ಟಾರ. ವಿಡಿಯೋ ಮಾಡೇನಿ. ಕಳಸ್ಲೇನ ಟೊಪಗಿ ಬೀಗರಿಗೆ? ನೋಡ್ಲಿ ಒಮ್ಮೆ, ಎಮ್ಮಿ ಎಲ್ಲಿ ಹೋತು ಅಂತ."

"ಕಳಸು ಕಳಸು" ಅಂದೆ. ನನಗೂ ಕೈ ಕಡ್ಯಾಕತ್ತಿದ್ದುವು. ಹಳೇ ಬುದ್ಧಿ ಎಲ್ಲಿ ಹೋಗ್ತೈತಿ?

ಅಷ್ಟರಾಗ ಅಪ್ಪ ಫೋನ ಕಸಗೊಂಡ. ನೀರಿನ ಸಪ್ಪಳದಾಗ ಒದರಿ ಕೇಳಿದ, "ನೀ ಅವರ ಊರ ಬಿಟ್ಟು ಬಂದ ಮ್ಯಾಲೆ ಅಲ್ಲಿ ಜೂನ ತಿಂಗಳ ಬಂದಿತ್ತಲ್ಲ?"

"ಬಂದಿತ್ತು."

"ಅವರ ಫಾಲ್ಸೂ ತುಂಬಿರಬೇಕಲ್ಲ?"

"ತುಂಬಿರಬೇಕು."

"ಒಂದರೆ ಫೋಟೊ ಕಳಿಸ್ಯಾರೇನು ನಿನಗ?"

ನಾ ವಿಚಾರ ಮಾಡಿದೆ. ವರ್ಷಾತು. ಅವರ ಮನಿ ಬೆಕ್ಕಿನ ಫೋಟೊ ಬಂದಿದ್ವು, ತಾವ ಹಾಕಿದ ಬದನಿಗಿಡದ ಫೋಟೊ ಬಂದಿತ್ತು. ಫಾಲ್ಸಿಂದು ಬಂದಿರಲಿಲ್ಲ.

"ಇಲ್ಲ" ಅಂದೆ.

"ಹಂಗಾದ್ರ ನಾವೂ ಕಳಸೋದ ಬ್ಯಾಡ" ಅಂದ ಅಪ್ಪ. "ಬಂದ ನೋಡ್ಲಿ ಅವರು."